ನಿಸಿಮ್ ಆಸಾ ಅವರ ಆಮೇನ್

ಇದು ನಡೆದ ಸಂಗತಿ. ಕಟ್ಟುಕಥೆಯೆಂದು ಅನುಮಾನ ಬಂದವರು ನಮ್ಮೂರಿಗೆ ಬಂದು ಯಾರನ್ನು ಬೇಕಾದರೂ ಕೇಳಬಹುದು. ಅವತ್ತು ನಮ್ಮ ಯಹೂದಿಗಳ ಪ್ರಾರ್ಥನಾಮಂದಿರವಾದ ಸಿನಗಾಗ್‌ನೊಳಗೆ ಹೋದವರೆಲ್ಲ ಕೊನೆಯವರೆಗೂ ಕೂತಿದ್ದರು. ಕಲೆಯ ಮೇಲಿನ ಪ್ರೀತಿಯಿಂದಲ್ಲ. ಹೊರಗಿನಿಂದ ಬೀಗ ಹಾಕಿತ್ತು.

ಬೀಗ ಹಾಕುವುದು ನಮ್ಮಲ್ಲಿ ನಿಯಮ. ಒಳಗೆ ಏನಾದರೂ ಕಾರ್ಯಕ್ರಮ ಶುರುವಾಯಿತೆಂದರೆ ಕಾವಲುಗಾರ ಕಬ್ಬಿಣದ ಗೇಟಿಗೆ ಬೀಗ ಜಡಿದು ಎದುರಿನ ಕಾಫಿ ಅಂಗಡಿಗೆ ಹೋಗಿ ಕೂರುತ್ತಾನೆ. ಅಧ್ಯಕ್ಷರು ಫೋನ್ ಮಾಡಿದರೆ ಮಾತ್ರ ಬಂದು ತೆಗೆಯುತ್ತಾನೆ. ಕೆಟ್ಟವರು ಒಳಗೆ ಬರದಿರಲಿ ಎಂದು ಮಾಡಿದ ಏರ್ಪಾಡು. ಒಳ್ಳೆಯವರು ಹೊರಗೆ ಹೋಗದಿರಲಿಕ್ಕೂ ಅದು ಒದಗುತ್ತದೆ ಎಂದು ಕಂಡುಹಿಡಿದವರು ನಮ್ಮ ಅಧ್ಯಕ್ಷ ನಿಸಿಮ್ ಆಸಾ.

ಅವರ ಕಷ್ಟವೂ ನಮಗೆ ಗೊತ್ತು. ಸತ್ತವರ ಹೆಸರಿನಲ್ಲಿ ಹೇಳುವ ಕದೀಶ್ ಪ್ರಾರ್ಥನೆಗೆ ಹತ್ತು ಜನ ಗಂಡಸರು ಇರಲೇಬೇಕು. ಮಾರಿತ್ಸಾ ನದಿಯ ದಂಡೆಯ ನಮ್ಮೂರಲ್ಲಿ ಯಹೂದಿ ಗಂಡಸರು ಹತ್ತು ಜನ ಇಲ್ಲವೆಂದಲ್ಲ. ಒಂದೇ ಹೊತ್ತಿಗೆ ಒಂದೇ ಕಡೆ ಇರುವುದಿಲ್ಲ. ಒಬ್ಬನಿಗೆ ಸೊಂಟನೋವು, ಒಬ್ಬನಿಗೆ ಫುಟ್‌ಬಾಲು, ಒಬ್ಬನಿಗೆ ಹೆಂಡತಿ. ಆ ಡಿಸೆಂಬರಿನ ಭಾನುವಾರ ಸಂಜೆ ನಿಸಿಮ್ ಅವರ ತೀರಿಕೊಂಡ ತಮ್ಮ ಸಬತಾಯ್‌ನ ವರ್ಷದ ತಿಥಿ. ಕತ್ತಲಾಗುತ್ತಲೇ ಕದೀಶ್ ಹೇಳಬೇಕು. ಆದ್ದರಿಂದ ಅದೇ ಮಧ್ಯಾಹ್ನ ವೀಡಾ ಕಾಲ್ಡೆರೋನಳ ಸಿನಿಮಾ ತೋರಿಸುವುದೆಂದು ಅವರು ಗೊತ್ತುಮಾಡಿದರು. ಪ್ರಾರ್ಥನೆಗೆ ಬಾರದ ಜನ ಪರದೆಯ ಮೇಲೆ ತಮ್ಮ ಮುಖ ನೋಡಿಕೊಳ್ಳಲು ಬರುತ್ತಾರೆ. ಬಂದ ಮೇಲೆ ಬೀಗ ಇದ್ದೇ ಇದೆ.

ವೀಡಾ ನಮ್ಮ ಹುಡುಗಿಯೇ. ಊರವರ ಮದುವೆ, ಹುಟ್ಟುಹಬ್ಬ, ಶಾಲೆಯ ವಾರ್ಷಿಕೋತ್ಸವಗಳ ವಿಡಿಯೋ ತೆಗೆದು ಹೊಟ್ಟೆ ಹೊರೆಯುವವಳು. ಬಿಡುವಾದಾಗಲೆಲ್ಲ ಕ್ಯಾಮೆರಾ ಹಿಡಿದು ನಮ್ಮ ಹಿಂದೆ ಅಲೆದು, ನಮ್ಮ ಬಗ್ಗೆಯೇ ಒಂದು ಸಿನಿಮಾ ಮಾಡಿದ್ದಳು. ರಾಜಧಾನಿಯ ಚಿತ್ರೋತ್ಸವದವರು ತುಣುಕುಗಳನ್ನು ನೋಡಿ ಮೆಚ್ಚಿ, ಪೂರ್ತಿ ಚಿತ್ರವನ್ನು ಸೋಮವಾರದೊಳಗೆ ಕಳಿಸಲು ಹೇಳಿದ್ದರು. ಆದರೆ ಸಿನಗಾಗ್‌ನೊಳಗೆ ಕ್ಯಾಮೆರಾ ತರಲು ಬಿಟ್ಟಾಗಲೇ ನಿಸಿಮ್ ಷರತ್ತು ಹಾಕಿದ್ದರು: ಮೊದಲು ನಮ್ಮ ಜನ ನೋಡಬೇಕು, ನೋಡಿ ನಾನು ಹೂಂ ಅನ್ನಬೇಕು. ಅವರು ಉಹೂಂ ಅಂದರೆ ವೀಡಾ ನಾಳೆಯಿಂದ ಮತ್ತೆ ಯಾರದೋ ಮದುವಣಗಿತ್ತಿಯ ಹಿಂದೆ ಓಡಬೇಕು, ಜೀವಮಾನವಿಡೀ.

ಆ ಹೂಂಗೆ ಅಡ್ಡವಾಗಿ ಒಂದು ಸುಳ್ಳು ಕೂತಿತ್ತು.

ಹಿಂದಿನ ವರ್ಷ ಇದೇ ದಿನ ನಿಸಿಮ್ ತಮ್ಮನಿಗಾಗಿ ಕದೀಶ್ ಹೇಳುವುದನ್ನು ವೀಡಾ ಹತ್ತಿರದಿಂದ ಚಿತ್ರಿಸಿದ್ದಳು. ಮುಚ್ಚಿದ ಕಣ್ಣು, ಬಿಳಿ ಗಡ್ಡ, ಕಿಟಕಿಯ ಕೊನೆಯ ಬೆಳಕು. ಚಿತ್ರೋತ್ಸವದವರು ಮರುಳಾದದ್ದೇ ಆ ದೃಶ್ಯಕ್ಕೆ. ಆದರೆ ಮೈಕಿಗೆ ಸಿಕ್ಕಿದ್ದು ಪಕ್ಕದ ಗ್ಯಾಸ್ ಹೀಟರಿನ ಗೊರಕೆ ಮಾತ್ರ. ಇನ್ನೊಮ್ಮೆ ಹೇಳಿ, ಧ್ವನಿ ಮಾತ್ರ ಹಿಡಿದುಕೊಳ್ಳುತ್ತೇನೆ ಎಂದು ವೀಡಾ ಕೇಳಿಕೊಂಡಳು. ನಿಸಿಮ್ ‘ಸತ್ತೋನ ಹೆಸರಿಗೆ ರಿಹರ್ಸಲ್ ಮಾಡ್ತಾರೇನಮ್ಮ?’ ಎಂದರು. ಅಲ್ಲಿಗೆ ಮುಗಿಯಿತು. ವೀಡಾ ಮತ್ತೆ ಕೇಳಲಿಲ್ಲ. ಬೂಕೋ ಫಾರ್ಹಿಯ ಹತ್ತಿರ ಹೋದಳು.

ಬೂಕೋ ದಂತವೈದ್ಯ. ಊರವರ ಹಲ್ಲು ಕೀಳುವುದು ಅವನ ಕಸುಬು, ಹಲ್ಲು ಕಿರಿಸುವುದು ಹವ್ಯಾಸ. ಯಾರ ದನಿ ಬೇಕು ಹೇಳಿ, ತೆಗೆಯುತ್ತಾನೆ. ನಿಸಿಮ್ ಅವರದಂತೂ ಅವನ ಅಂಗೈಯಲ್ಲಿತ್ತು. ಅದನ್ನು ತೆಗೆಯುವುದು ಕಷ್ಟವೂ ಅಲ್ಲ ಎನ್ನಿ, ಯಾಕೆಂದರೆ ನಿಸಿಮ್ ಪ್ರಾರ್ಥನೆ ಹೇಳುವುದಿಲ್ಲ, ಊಟ ಮಾಡುತ್ತಾರೆ. ಒಂದೊಂದು ಪದವನ್ನೂ ಬಾಯಿಗೆ ಹಾಕಿಕೊಂಡು, ಗಡ್ಡದೊಳಗೆ ಅಗಿದು, ನುಂಗಿಬಿಡುತ್ತಾರೆ. ನಡುನಡುವೆ ‘ಆಮೇನ್’ ಎಂಬಲ್ಲಿ ಮಾತ್ರ ತೇಗು ಬಂದ ಹಾಗೆ ಸ್ಪಷ್ಟವಾಗಿ ಹೊರಗೆ ಬರುತ್ತದೆ. ನಾವೂ ಅದಕ್ಕೇ ಕಾದಿದ್ದು ‘ಆಮೇನ್’ ಅನ್ನುತ್ತೇವೆ.

ಬೂಕೋ ತನ್ನ ಆಸ್ಪತ್ರೆಯ ಎಕ್ಸ್‌ರೇ ಕೋಣೆಯ ಬಾಗಿಲು ಹಾಕಿಕೊಂಡು, ಗಡ್ಡದ ಅಲುಗಾಟ ನೋಡಿಕೊಂಡು ಧ್ವನಿ ಕೊಟ್ಟ. ಎಷ್ಟು ಚೆನ್ನಾಗಿ ಕೂತಿತೆಂದರೆ ವೀಡಾ ಅತ್ತೇಬಿಟ್ಟಳಂತೆ. ಇದು ಗೊತ್ತಿದ್ದದ್ದು ಅವರಿಬ್ಬರಿಗೆ, ಮತ್ತೆ ನನಗೆ. ನನಗೆ ಯಾಕೆಂದರೆ ಬೂಕೋನ ಬಾಯಲ್ಲಿ ಎಲ್ಲರ ದನಿ ನಿಲ್ಲುತ್ತದೆ, ಗುಟ್ಟು ನಿಲ್ಲುವುದಿಲ್ಲ.

ಆ ಭಾನುವಾರ ನಾವು ಮೂವರೂ ಒಂದೇ ಬೆಂಚಿನಲ್ಲಿದ್ದೆವು. ಗೋಡೆಯ ಕಡೆ ವೀಡಾ, ನಡುವೆ ಬೂಕೋ, ಈಚೆ ನಾನು. ನಮ್ಮ ಬೆಂಚುಗಳನ್ನು ನೆಲಕ್ಕೆ ಮೊಳೆ ಹೊಡೆದು ಕೂರಿಸಿದ್ದಾರೆ. ಎಲ್ಲವೂ ಧರ್ಮಗ್ರಂಥದ ಸುರುಳಿಗಳಿರುವ ಕಪಾಟಿನ ಕಡೆಗೆ ಮುಖ ಮಾಡಿವೆ. ಆ ಕಪಾಟಿನ ಮುಂದೆ ಪರದೆ ಕಟ್ಟುವಂತಿಲ್ಲ, ಅದಕ್ಕೆ ಬೆನ್ನು ಹಾಕಿ ಕೂರುವಂತೆಯೂ ಇಲ್ಲ. ಹಾಗಾಗಿ ಬಿಳಿ ದುಪ್ಪಟಿಯನ್ನು ಎಡಗೋಡೆಗೆ ಕಟ್ಟಿದ್ದರು. ಮೈ ದೇವರ ಕಡೆಗೆ, ಕತ್ತು ಸಿನಿಮಾದ ಕಡೆಗೆ. ಹೀಟರು ನಮ್ಮ ಕಾಲಬುಡದಲ್ಲೇ ಉರಿಯುತ್ತಿತ್ತು. ಕೋಟು ಬಿಚ್ಚೋಣವೆಂದರೆ ಮೊಣಕೈ ಆಡಿಸಲು ಜಾಗವಿಲ್ಲ.

ಲ್ಯಾಪ್‌ಟಾಪನ್ನು ನಡುವಿನ ಕಟ್ಟೆಯ ಮೇಲೆ ಇಟ್ಟಿದ್ದರು. ವೀಡಾ ಅದರ ಹತ್ತಿರ ಕುರ್ಚಿ ಹಾಕಿಕೊಳ್ಳಲು ಹೋದಾಗ ನಿಸಿಮ್ ತಡೆದು, ಗುಂಡಿ ಯಾವುದು ತೋರಿಸು, ಇವತ್ತು ನೀನು ನೋಡುವವಳು, ಒತ್ತುವವನು ನಾನು ಎಂದರು. ಏನನ್ನೂ ಹಾರಿಸಬಾರದು, ಏನನ್ನೂ ಮುಚ್ಚಿಡಬಾರದು, ಅದಕ್ಕೆ. ಮೆತ್ತಗೆ ನಗುತ್ತಲೇ ಹೇಳಿದರು. ಹೇಳಿ, ಅಂಗೈಯನ್ನು ಕೀಲಿಗಳ ಮೇಲೆ ಹಾಗೇ ಇಟ್ಟುಕೊಂಡು ಕೂತರು. ಹೊರಗೆ ಗೇಟಿನ ಸರಪಳಿ ಸದ್ದಾಯಿತು.

ವೀಡಾಳ ಹೆದರಿಕೆ ಒಂದೇ. ತಮ್ಮನಿಗಾಗಿ ತಾನು ಹೇಳಿದ ಪ್ರಾರ್ಥನೆಯನ್ನು ಇನ್ನೊಬ್ಬನ ಗಂಟಲಲ್ಲಿ ಕೇಳಿದರೆ ಈ ಮನುಷ್ಯ ಕ್ಷಮಿಸುವುದಿಲ್ಲ. ಅವಳು ತನ್ನ ಮಫ್ಲರನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡುತ್ತಿದ್ದಳು. ಬೂಕೋ ಮಾತ್ರ ಹಾಯಾಗಿದ್ದ. ಅವನ ಹಾಯಿ ಮುರಿದದ್ದು ಬೀಗ ಹಾಕುವ ಮೊದಲು ಕೊನೆಯವರಾಗಿ ಒಳಗೆ ಬಂದ ಇಬ್ಬರನ್ನು ಅವನು ಗುರುತಿಸಿದಾಗ. ಅವನ ಅಪ್ಪ ಹಾಯಿಮ್, ಅವನ ತಾಯಿ ರೇನಾ.

ತಿಯಾ ರೇನಾ, ಅಂದರೆ ನಮಗೆಲ್ಲ ರೇನತ್ತೆ, ಮಂಡಿನೋವಿನಿಂದ ಚಳಿಗಾಲದಲ್ಲಿ ಮೆಟ್ಟಿಲಿಳಿಯುವುದೇ ಇಲ್ಲ. ಅವತ್ತು ನಿಸಿಮ್ ಅವರೇ ಟ್ಯಾಕ್ಸಿ ಕಳಿಸಿ ಕರೆಸಿದ್ದರು. ತಿಯೋ ಹಾಯಿಮ್, ಅಂದರೆ ಹಾಯಿಮ್ ಮಾವ, ಹತ್ತರಲ್ಲಿ ಒಬ್ಬರಾಗಬೇಕಿತ್ತು. ಕಿವಿ ಕೇಳದ ಅವರು ಹೆಂಡತಿಯಿಲ್ಲದೆ ಎಲ್ಲೂ ಹೋಗುವುದಿಲ್ಲ, ಯಾರೋ ಏನೋ ಅಂದದ್ದನ್ನು ಮತ್ತೆ ಕಿವಿಯಲ್ಲಿ ಕೂಗಿ ಹೇಳಲು ಅವಳೇ ಬೇಕು.

ಬೂಕೋ ಬಿಳಿಚಿಕೊಂಡ. ಸಿನಿಮಾ ಶುರುವಾಯಿತು. ಪರದೆಯ ಮೇಲೆ ನಮ್ಮ ಬೀದಿ, ನಮ್ಮ ಬೆಕ್ಕು, ನಮ್ಮ ಬೊಜ್ಜು ಬಂದವು. ಜನ ಒಬ್ಬರನ್ನೊಬ್ಬರು ತಿವಿದು ನಕ್ಕರು. ಬೂಕೋ ನಗಲಿಲ್ಲ.

‘ಏನಾಯ್ತೋ?’ ಎಂದು ವೀಡಾ ಪಿಸುಗುಟ್ಟಿದಳು.

‘ಅಮ್ಮನ್ನ ಆಚೆ ಕಳಿಸ್ಬೇಕು.’

‘ಯಾಕೆ?’

‘ನಾನು ಅಲ್ಲಿ ಹೇಳಿರೋದು ಕದೀಶ್ ಅಲ್ಲ ಕಣೇ.’

ಬೂಕೋ ಕಣ್ಣನ್ನು ಪರದೆಯಲ್ಲೇ ಇಟ್ಟು, ತುಟಿ ಅಲುಗಿಸದೆ, ಒಂದೊಂದಾಗಿ ಬಿಟ್ಟ. ಅಪ್ಪ ಅಮ್ಮ ಇಬ್ಬರೂ ಬದುಕಿರುವವನು ಕದೀಶ್ ಹೇಳುವುದಿಲ್ಲ. ಅದು ವೀಡಾಗೂ ಗೊತ್ತು, ನನಗೂ ಗೊತ್ತು. ಸಿನಿಮಾದ ಭರಾಟೆಯಲ್ಲಿ ನಮ್ಮಿಬ್ಬರಿಗೂ ಹೊಳೆದಿರಲಿಲ್ಲ ಅಷ್ಟೆ. ಆ ಪದಗಳು ಬಾಯಿಂದ ಬಿದ್ದರೆ ಸಾವಿಗೆ ಮನೆಯ ದಾರಿ ತೋರಿಸಿದ ಹಾಗೆ ಎಂದು ನಮ್ಮ ಅಜ್ಜಿಯರೆಲ್ಲ ಹೆದರಿಸಿದ್ದಾರೆ. ಬೂಕೋ ಓದಿದವನು, ಹಲ್ಲಿನ ಬೇರಿನವರೆಗೂ ವಿಜ್ಞಾನ ಗೊತ್ತಿರುವವನು. ಆದರೂ ಮೈಕಿನ ಮುಂದೆ ಕೂತಾಗ ಅವನ ನಾಲಿಗೆ ಏಳಲಿಲ್ಲ. ವೀಡಾಗೆ ಆಗುವುದಿಲ್ಲ ಎನ್ನಲೂ ಮನಸ್ಸಾಗಲಿಲ್ಲ. ನಿಸಿಮ್ ಅವರ ಬಾಯಲ್ಲಿ ಹೇಗೂ ಯಾವ ಪದವೂ ಕೇಳಿಸುವುದಿಲ್ಲವಲ್ಲ. ತೇಗುಗಳನ್ನು ಅವುಗಳ ಜಾಗದಲ್ಲೇ ಇಟ್ಟು, ನಡುವೆ ತನಗೆ ಬಾಯಿಪಾಠ ಬರುತ್ತಿದ್ದ ಇನ್ನೊಂದನ್ನು ತುಂಬಿದ್ದ.

‘ಏನದು?’ ಎಂದಳು ವೀಡಾ.

‘ಪ್ರಾಸಾ ವಡೆ.’

ಪ್ರಾಸಾ ಎಂದರೆ ಈರುಳ್ಳಿಗೆ ಅಣ್ಣನಂಥ ಉದ್ದ ಕಾಂಡದ ಸೊಪ್ಪು. ಈಗಿನ ಪದ್ಯಗಳಲ್ಲಿ ಪ್ರಾಸ ಇಲ್ಲದಿದ್ದರೂ ನಡೆಯುತ್ತದೆ, ನಮ್ಮ ಅಡುಗೆಮನೆಯಲ್ಲಿ ನಡೆಯುವುದಿಲ್ಲ. ಅದನ್ನು ಬೇಯಿಸಿ, ಹಿಂಡಿ, ಮಾಂಸ ಮೊಟ್ಟೆ ಸೇರಿಸಿ ಕರಿಯುವ ವಡೆಯಲ್ಲಿ ರೇನತ್ತೆಯನ್ನು ಮೀರಿಸಿದವರಿಲ್ಲ. ಅವಳು ಅದನ್ನು ಮಾಡುವಾಗ ಗಟ್ಟಿಯಾಗಿ ಹೇಳಿಕೊಂಡೇ ಮಾಡುತ್ತಾಳೆ, ರಾಗವಾಗಿ. ಬೂಕೋ ತೊಟ್ಟಿಲಲ್ಲಿ ಕೇಳಿದ್ದು ಅದನ್ನೇ.

ವೀಡಾಳ ಎದೆಯ ಮೇಲೆ ಒಂದು ಕಲ್ಲಿದ್ದದ್ದು ಈಗ ಎರಡಾಯಿತು. ದನಿ ಸುಳ್ಳೆಂದು ಗೊತ್ತಾದರೆ ಸಿನಿಮಾ ಹೋಗುತ್ತದೆ. ಆ ದನಿಯಲ್ಲಿ ಇರುವುದು ವಡೆಯೆಂದು ಗೊತ್ತಾದರೆ, ಸತ್ತ ಸಬತಾಯ್ ಹೆಸರಿನಲ್ಲಿ ಎಣ್ಣೆ ಕಾಯಿಸಿದವರೆಂದು, ಅವಳು ಈ ಊರಲ್ಲಿ ಯಾರಿಗೆ ಮುಖ ತೋರಿಸುವುದು? ಬೇರೆ ಯಾರಿಗೂ ತಿಳಿಯದಿರಬಹುದು. ರೇನತ್ತೆಗೆ ತಿಳಿಯದಿರುತ್ತದೆಯೆ?

ಬೂಕೋ ಎದ್ದ. ಯಾರಿಗೋ ಹಲ್ಲುನೋವು, ಫೋನ್ ಬಂದಿದೆ ಎನ್ನುವಂತೆ ಕೈಸನ್ನೆ ಮಾಡುತ್ತ ಗೋಡೆಯ ಪಕ್ಕ ಸರಿದ. ಬಾಗಿಲ ಬಳಿಯ ಪೆಟ್ಟಿಗೆಯಲ್ಲಿರುವ ಫ್ಯೂಸ್ ಕೀಳುವುದು ಅವನ ಉದ್ದೇಶವೆಂದು ನನಗೆ ಹೊಳೆಯಿತು. ಕೀಳುವುದೇ ಅವನ ವಿದ್ಯೆಯಲ್ಲವೇ. ನಿಸಿಮ್ ತಿರುಗಿ ಕೂಡ ನೋಡದೆ ಒಂದು ಕೈ ಮೇಲೆತ್ತಿ, ಹತ್ತೂ ಬೆರಳಿಗೆ ಬದಲಾಗಿ ಐದನ್ನು ಎರಡು ಸಲ ಬಿಚ್ಚಿ ತೋರಿಸಿದರು. ನಾವು ಗಂಡಸರು ಸರಿಯಾಗಿ ಹತ್ತೇ ಜನ ಇದ್ದೆವು. ಬಾಗಿಲ ಬಳಿ ಕೂತಿದ್ದ ಇಬ್ಬರು ಮುದುಕರು ಕಾಲು ಚಾಚಿ ದಾರಿ ಮುಚ್ಚಿದರು. ಒಬ್ಬ ಹೋದರೆ ಉಳಿದವರು ಹತ್ತನೆಯವನಿಗಾಗಿ ಕಾಯುತ್ತ ಇಲ್ಲೇ ಕೊಳೆಯಬೇಕು, ಅದು ಅವರ ಭಯ. ಬೂಕೋ ವಾಪಸು ಬಂದ.

ಆಮೇಲೆ ಬಗ್ಗಿಕೊಂಡು ತಾಯಿಯ ಹತ್ತಿರ ಹೋದ. ನಿನ್ನ ಮಂಡಿ ನೋಯುತ್ತಿರಬೇಕು, ಮೇಲಿನ ಕೋಣೆಯಲ್ಲಿ ಸೋಫಾ ಇದೆ, ಮಲಗಿರು ಎಂದ. ರೇನತ್ತೆ ಅವನ ಕೆನ್ನೆ ಸವರಿ, ಮಂಡಿ ಇವತ್ತು ಚೆನ್ನಾಗಿದೆ, ಪರದೆಗೆ ಅಡ್ಡ ನಿಲ್ಲಬೇಡ, ನನ್ನ ಪಾಲು ಈಗ ಬರುತ್ತದೆ ಎಂದಳು. ಅವಳ ಪಾಲು ಬಂತು. ಮಾರುಕಟ್ಟೆಯಲ್ಲಿ ಟೊಮೇಟೊ ಮಾರುವವನ ಜೊತೆ ಜಗಳ. ಎಲ್ಲರೂ ಚಪ್ಪಾಳೆ ತಟ್ಟಿದರು. ಅವಳು ರಾಣಿಯ ಹಾಗೆ ಬೆನ್ನು ನೆಟ್ಟಗೆ ಮಾಡಿ ಕೂತಳು. ಇನ್ನು ಅವಳನ್ನು ಅಲ್ಲಿಂದ ಎಬ್ಬಿಸಲು ಕ್ರೇನ್ ಬೇಕಿತ್ತು.

ವೀಡಾ ನಿಸಿಮ್ ಅವರತ್ತ ಒಂದು ಚೀಟಿ ಕಳಿಸಿದಳು: ಮುಂದಿನ ದೃಶ್ಯದಲ್ಲಿ ತಾಂತ್ರಿಕ ದೋಷವಿದೆ, ದಯವಿಟ್ಟು ಹಾರಿಸಿ. ನಿಸಿಮ್ ಕನ್ನಡಕವನ್ನು ಹಣೆಗೇರಿಸಿ ಓದಿ, ಚೀಟಿ ಮಡಚಿ ಜೇಬಿಗಿಟ್ಟು, ಅವಳ ಕಡೆ ತಿರುಗಿ ಪರವಾಗಿಲ್ಲ ಎನ್ನುವಂತೆ ತಲೆಯಾಡಿಸಿದರು. ಕೈ ಕೀಲಿಯ ಮೇಲಿಂದ ಕದಲಲಿಲ್ಲ. ಹೀಟರಿನ ಕಾವಿಗೆ ನನ್ನ ಪ್ಯಾಂಟು ಸುಡುವ ವಾಸನೆ ಬರುತ್ತಿತ್ತು. ಕಾಲು ಹಿಂದಕ್ಕೆಳೆಯೋಣವೆಂದರೆ ಬೆಂಚು. ವೀಡಾ ಗೋಡೆಗೆ ಒರಗಿ ಕಣ್ಣು ಮುಚ್ಚಿಕೊಂಡಳು. ಗೋಡೆಯೊಳಗೆ ಹೋಗಿಬಿಡುವ ಹಾಗಿದ್ದಳು.

ದೃಶ್ಯ ಬಂತು.

ಪರದೆಯ ತುಂಬ ನಿಸಿಮ್ ಅವರ ಮುಖ. ಕಣ್ಣು ಮುಚ್ಚಿದೆ. ಗಡ್ಡ ಅಲುಗುತ್ತಿದೆ. ದನಿ ಶುರುವಾಯಿತು. ಗುಂ ಗುಂ ಎಂದು, ತಗ್ಗಿ, ಎಳೆದು, ನುಂಗಿ. ಯಾರೂ ಹೇಳದೆಯೇ ಎಲ್ಲರ ಕೈ ತಲೆಗೆ ಹೋಗಿ ಟೋಪಿ ಇದೆಯೇ ಎಂದು ಮುಟ್ಟಿ ನೋಡಿಕೊಂಡಿತು. ಕೆಲವರು ಎದ್ದು ನಿಂತರು. ಮುದ್ರಿಸಿಟ್ಟ ಧ್ವನಿಗೆ ಆಮೇನ್ ಹೇಳಬೇಕಾಗಿಲ್ಲ ಎಂದು ನಮ್ಮ ಧರ್ಮಗುರು ರಬ್ಬಿಗಳು ಬರೆದಿದ್ದಾರಂತೆ. ನಮ್ಮ ಬಾಯಿ ಅದನ್ನು ಓದಿಲ್ಲ. ಮೊದಲ ತೇಗು ಬಂತು. ಇಡೀ ಸಿನಗಾಗ್ ‘ಆಮೇನ್’ ಎಂದಿತು. ಕಟ್ಟೆಯ ಪಕ್ಕದಿಂದ, ತನ್ನದೇ ದನಿಗೆ, ಎಲ್ಲರಿಗಿಂತ ಭಕ್ತಿಯಿಂದ ನಿಸಿಮ್ ಅವರೂ ‘ಆಮೇನ್’ ಎಂದರು.

ಬೂಕೋ ನನ್ನ ತೊಡೆಯನ್ನು ಹಿಡಿದ ಹಿಡಿತ ನೋಡಿದರೆ ನನ್ನ ಹಲ್ಲು ಕೀಳುತ್ತಿದ್ದಾನೆ ಎನಿಸುವಂತಿತ್ತು. ಎರಡನೆಯ ಆಮೇನ್ ಕೂಡ ಕಳೆಯಿತು. ವೀಡಾ ಒಂದು ಕಣ್ಣು ತೆರೆದಳು. ಇನ್ನು ಒಂದೆರಡು ತೇಗು, ಅಷ್ಟೆ. ಆಮೇಲೆ ಮಾರಿತ್ಸಾ ನದಿ, ಹಕ್ಕಿ, ಸಂಗೀತ.

ರೇನತ್ತೆ ಕತ್ತು ಮುಂದೆ ಚಾಚಿದಳು. ತುಟಿ ಅಲುಗತೊಡಗಿತು. ದನಿಯ ಜೊತೆಗೇ ಅಲುಗುತ್ತಿತ್ತು. ಹುಬ್ಬು ಗಂಟಾಯಿತು. ಬಾಯೊಳಗೇ ಏನೋ ಅಂದಳು. ಹಾಯಿಮ್ ಮಾವ ಅವಳ ಕಡೆ ಬಾಗಿ, ಏನಂದೆ ಎಂದು ಕೇಳಿದರು. ಅವಳು ಅವರ ಕಿವಿಗೆ ಬಾಯಿಟ್ಟು, ದಿನಾ ಕೂಗುವ ಹಾಗೇ ಕೂಗಿದಳು.

‘ಮೊಟ್ಟೆ ಮೂರು ಅಂದೆ! ಎರಡಲ್ಲ!’

ನಿಸಿಮ್ ಅವರ ಬೆರಳು ಕೀಲಿಯನ್ನು ಒತ್ತಿತು. ಪರದೆಯ ಮೇಲೆ ಅವರ ಮುಖ ಬಾಯಿ ತೆರೆದಂತೆ ನಿಂತುಹೋಯಿತು. ಹೀಟರಿನ ಗೊರಕೆಯೊಂದೇ ಉಳಿಯಿತು.

‘ಯಾವ ಮೊಟ್ಟೆ, ರೇನಾ?’

ಅವಳಿಗೆ ಇನ್ನೂ ಪೂರ್ತಿ ತಿಳಿದಿರಲಿಲ್ಲ. ಪಾಪ, ನ್ಯಾಯವಾಗಿಯೇ ದೂರಿದಳು. ನೀವೇ ಹೇಳುತ್ತಿದ್ದೀರಲ್ಲ ನಿಸಿಮ್, ನನ್ನ ಪ್ರಾಸಾ ವಡೆಯನ್ನು; ಹಿಂಡಿ ಆದ ಮೇಲೆ ಎರಡು ಮೊಟ್ಟೆ ಅಂದಿರಿ, ಎರಡು ಹಾಕಿದರೆ ಎಣ್ಣೆಯಲ್ಲಿ ಒಡೆದುಹೋಗುತ್ತದೆ ಎಂದಳು. ಮಾತು ಮುಗಿಯುವಷ್ಟರಲ್ಲಿ ನಿಧಾನವಾಯಿತು. ಪರದೆ ನೋಡಿದಳು, ನಿಸಿಮ್ ಅವರನ್ನು ನೋಡಿದಳು, ಕೊನೆಗೆ ಮಗನನ್ನು ನೋಡಿ ಬಾಯಿಯ ಮೇಲೆ ಕೈಯಿಟ್ಟುಕೊಂಡಳು.

ನಿಸಿಮ್ ಅವರೂ ಅವಳು ನೋಡಿದ ಕಡೆಯೇ ನೋಡಿದರು. ಸಿನಗಾಗ್‌ನಲ್ಲಿದ್ದ ಎಲ್ಲ ಕತ್ತುಗಳೂ, ಅಷ್ಟು ಹೊತ್ತು ಎಡಕ್ಕೆ ತಿರುಗಿ ಮರಗಟ್ಟಿದ್ದಂಥವು, ಕಟಕಟ ಎನ್ನುತ್ತ ನಮ್ಮ ಬೆಂಚಿಗೆ ತಿರುಗಿದವು. ಹೋಗಲು ದಾರಿಯಿಲ್ಲ, ಬೆಂಚಿನ ಕೆಳಗೆ ನುಸುಳಲು ಜಾಗವಿಲ್ಲ.

ಬೂಕೋ ಎದ್ದು ನಿಂತ. ಮೊದಲ ಸಲ ಅವನ ಸ್ವಂತ ದನಿ ಎಷ್ಟು ಸಣ್ಣದೆಂದು ನನಗೆ ತಿಳಿಯಿತು.

‘ನೀನಿದ್ದೀಯಮ್ಮ, ಅಪ್ಪ ಇದ್ದಾನೆ. ಅದನ್ನ ಹೆಂಗೆ ಹೇಳ್ಲಿ ನಾನು?’

ವೀಡಾ ಕೂಡ ಎದ್ದಳು. ಮೈಕಿನ ಸಂಗತಿ, ಎಕ್ಸ್‌ರೇ ಕೋಣೆ, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. ತಪ್ಪು ತನ್ನದು, ಬೂಕೋನದಲ್ಲ ಎಂದಳು. ಈ ದೃಶ್ಯವನ್ನು ಕಿತ್ತುಹಾಕುತ್ತೇನೆ, ಕಿತ್ತರೆ ಸಿನಿಮಾ ಉಳಿಯುವುದಿಲ್ಲ, ಆದ್ದರಿಂದ ಸಿನಿಮಾನೇ ಕಳಿಸುವುದಿಲ್ಲ ಎಂದಳು. ಬಾಗಿಲು ತೆಗೆಸಿ ತಿಯೋ ನಿಸಿಮ್, ನಾನು ಹೋಗುತ್ತೇನೆ ಎಂದಳು.

ನಿಸಿಮ್ ಫೋನಿಗೆ ಕೈ ಹಾಕಲಿಲ್ಲ. ಕನ್ನಡಕ ಸರಿಮಾಡಿಕೊಂಡು, ಬೆರಳಿನಿಂದ ದೃಶ್ಯವನ್ನು ಹಿಂದಕ್ಕೆ ಎಳೆದು, ಮತ್ತೆ ಓಡಿಸಿದರು.

ಮತ್ತೆ ಮುಖ, ಮತ್ತೆ ಗಡ್ಡ, ಮತ್ತೆ ಗುಂ ಗುಂ. ಈಗ ಕಿವಿ ಪಳಗಿತ್ತು. ಬೇಯಿಸುವುದು ಕೇಳಿಸಿತು, ಹಿಂಡುವುದು ಕೇಳಿಸಿತು, ಉಪ್ಪೂ ಮೆಣಸೂ ಕೇಳಿಸಿತು. ನಿಸಿಮ್ ತಲೆ ತಗ್ಗಿಸಿ ಕೇಳುತ್ತಿದ್ದರು. ತೇಗಿನ ಜಾಗ ಹತ್ತಿರ ಬಂದಾಗ ನಾವೆಲ್ಲ ನಾಲಿಗೆ ಕಚ್ಚಿಕೊಂಡೆವು. ಅದು ಬಂತು. ಆ ನಿಶ್ಶಬ್ದದೊಳಗೆ ಒಂದೇ ಒಂದು ದನಿ, ಗಟ್ಟಿಯಾಗಿ, ಅಭ್ಯಾಸಬಲದಿಂದ, ‘ಆಮೇನ್’ ಎಂದಿತು.

ಅದು ನಿಸಿಮ್ ಅವರದೇ.

ಅವರು ಬಾಯಿ ಮುಚ್ಚಿಕೊಂಡರು. ತಾನು ಈಗ ತಾನೇ ಏನು ಮಾಡಿದೆ ಎಂದು ತಮ್ಮ ಬಾಯನ್ನೇ ಕೇಳುವವರಂತೆ ಗಡ್ಡ ಮುಟ್ಟಿ ನೋಡಿಕೊಂಡರು. ಕಟ್ಟೆಯ ಕಟಕಟೆ ಹಿಡಿದು ಬಗ್ಗಿದರು. ಭುಜ ಅಲುಗಿತು. ಅಳುತ್ತಿದ್ದಾರೆಂದು ವೀಡಾ ಓಡಿ ಹತ್ತಿರ ಹೋದಳು. ಹೋದವಳು ಅಲ್ಲೇ ನಿಂತಳು. ನಿಸಿಮ್ ತಲೆಯೆತ್ತಿದಾಗ ಕಣ್ಣಲ್ಲಿ ನೀರಿತ್ತು, ಆದರೆ ಮುಖ ಅಳುವವರ ಮುಖವಾಗಿರಲಿಲ್ಲ.

‘ನಾನು ಹಿಂಗೇ ಹೇಳ್ತೀನಾ?’ ಎಂದರು ಎಲ್ಲರಿಗೂ ಕೇಳುವಂತೆ. ‘ಸಬತಾಯ್‌ಗೆ, ನಮ್ಮಪ್ಪಂಗೆ, ನಿಮ್ಮೆಲ್ಲರ ಅಪ್ಪಂದಿರಿಗೆ, ಹಿಂಗೇ ಹೇಳಿದೀನಾ?’

ರೇನತ್ತೆ ಪ್ರಶ್ನೆಯನ್ನು ಗಂಡನ ಕಿವಿಗೆ ದಾಟಿಸಿದಳು. ಹಾಯಿಮ್ ಮಾವ ಯೋಚಿಸಿ ಹೇಳಿದರು: ‘ನಂಗೆ ಆಮೇನ್ ಒಂದೇ ಕೇಳ್ಸೋದು ನಿಸಿಮ್. ನನ್ನ ಕಿವೀದೇ ದೋಷ ಅಂದ್ಕೊಂಡಿದ್ದೆ.’

ಹಿಂದಿನ ಬೆಂಚಿನಲ್ಲಿ ಯಾರೋ ಮೂಗಿನಲ್ಲಿ ನಕ್ಕು, ಕೆಮ್ಮಿ ಮುಚ್ಚಿಕೊಂಡರು.

ನಿಸಿಮ್ ಕಣ್ಣೊರೆಸಿಕೊಂಡು ಕಿಟಕಿ ನೋಡಿದರು. ಬೆಳಕು ಹೋಗಿತ್ತು. ಇವತ್ತು ಹತ್ತು ಜನ ಇದ್ದೇವೆ, ತಮ್ಮನಿಗೆ ಇವತ್ತು ಒಂದೊಂದು ಪದವನ್ನೂ ನಿಧಾನವಾಗಿ, ಬಿಡಿಸಿ ಹೇಳುತ್ತೇನೆ ಎಂದರು. ನಾನು ಹೇಳುವಾಗ ನಿನ್ನ ಮೈಕು ಇಟ್ಟುಕೋ ಮಗಳೇ, ಇದು ರಿಹರ್ಸಲ್ ಅಲ್ಲವಲ್ಲ, ನಿಜವಾದದ್ದು. ಆ ಹಾಳು ಹೀಟರು ಮಾತ್ರ ಆರಿಸಿ ಎಂದರು. ಗಡ್ಡದ ಅಲುಗಾಟಕ್ಕೆ ಸರಿಹೊಂದುತ್ತದೋ ಇಲ್ಲವೋ ಎಂದು ವೀಡಾ ತೊದಲಿದಳು. ಹೊಂದದಿದ್ದರೆ ಮುಖ ತೋರಿಸಬೇಡ, ಕಿಟಕಿ ತೋರಿಸು, ಸಬತಾಯ್ ನೋಡಲು ನನಗಿಂತ ಚೆನ್ನಾಗಿದ್ದ, ಅವನ ಫೋಟೋ ಹಾಕು ಎಂದರು. ‘ಹೂಂ ಅಂತಲೇ ತಿಳ್ಕೋ’ ಎಂದರು.

ವೀಡಾ ಹೀಟರು ಆರಿಸಲು ನಮ್ಮ ಬೆಂಚಿನತ್ತ ಓಡಿಬಂದಳು.

‘ಇರು, ಅದಕ್ಕೆ ಮೊದಲು’ ಎಂದು ನಿಸಿಮ್ ಬೂಕೋನ ಕಡೆ ಬೆರಳು ಮಾಡಿದರು. ‘ಬಾರೋ ಇಲ್ಲಿ. ನನ್ನೆದುರಿಗೆ ನಿಂತ್ಕೊಂಡು ಹೇಳು. ಮೊಟ್ಟೆ ಮೂರು ಹಾಕು ಈ ಸಲ.’

ಬೂಕೋ ಬೇಡ ತಿಯೋ ಎಂದ, ಕೈ ಮುಗಿದ, ಬಾಗಿಲ ಕಡೆ ನೋಡಿದ. ಮುದುಕರ ಕಾಲುಗಳು ಚಾಚಿಯೇ ಇದ್ದವು. ತಾಯಿ, ಹೇಳೋ, ಕೇಳ್ತಿದಾರಲ್ಲ, ಎಂದು ಗದರಿದಳು. ಅವನು ಕಟ್ಟೆಯ ಹತ್ತಿರ ಹೋಗಿ, ನಿಸಿಮ್ ಅವರಿಗೆ ಮುಖಕ್ಕೆ ಮುಖ ಕೊಟ್ಟು ನಿಂತು, ಗದ್ದವನ್ನು ಎದೆಗಿಳಿಸಿ, ಕಣ್ಣು ಮುಚ್ಚಿ, ಗುಂ ಎಂದು ಶುರುಮಾಡಿದ. ಇಬ್ಬರು ನಿಸಿಮ್ ಆಸಾಗಳು ಎದುರುಬದುರು ನಿಂತ ಹಾಗಾಯಿತು. ಸೊಪ್ಪು ಬೇಯುವವರೆಗೂ ನಾವು ತಡೆದುಕೊಂಡೆವು. ಹಿಂಡುವ ಹೊತ್ತಿಗೆ ರೇನತ್ತೆ ಸೋತಳು, ಅವಳ ಹಿಂದೆ ಬೆಂಚು ಬೆಂಚೇ ಸೋತಿತು. ಮೂರನೆಯ ಮೊಟ್ಟೆ ಒಡೆದದ್ದು ಯಾರಿಗೂ ಕೇಳಿಸಲಿಲ್ಲ, ಯಾಕೆಂದರೆ ಅಷ್ಟರಲ್ಲಿ ನಿಸಿಮ್ ಎರಡೂ ಕೈಯಿಂದ ಬೂಕೋನ ಕೋಟಿನ ಕಾಲರು ಹಿಡಿದು ಜೋತುಬಿದ್ದು, ಟೋಪಿ ನೆಲಕ್ಕೆ ಬಿದ್ದದ್ದೂ ತಿಳಿಯದೆ, ನಮ್ಮೆಲ್ಲರ ನಗುವನ್ನು ಮುಳುಗಿಸುವ ಹಾಗೆ ನಗುತ್ತಿದ್ದರು.